ಅಡಿಕೆ ಸುಲಿಯೋರ ಸೊಂಟನೋವು ಯಾವ ಲೆಕ್ಕಕ್ಕೆ?

ಪ್ರಶ್ನೆ: ನಮ್ಮೂರಿಗೆ ಶುಗರ್, ಬಿಪಿ ನೋಡೋಕೆ ಕ್ಯಾಂಪ್ ಬರುತ್ತದೆ. ಮಂಡಿನೋವು, ಸೊಂಟನೋವು ಅಂದರೆ ಮಾತ್ರ "ವಯಸ್ಸಾಯ್ತಲ್ಲ" ಅಂತ ವಾಪಸ್ ಕಳಿಸುತ್ತಾರೆ. ಇದೂ ದೊಡ್ಡ ಕಾಯಿಲೆನೇ ಅಲ್ವಾ?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ದೊಡ್ಡದೇ. ಸೊಂಟನೋವಿಂದ ಯಾರೂ ಸಾಯುವುದಿಲ್ಲ, ಹಾಗಾಗಿ ಸಾವಿನ ಪಟ್ಟಿಯಲ್ಲಿ ಕಾಣುವುದಿಲ್ಲ. ಆದರೆ ಜನ ಎಷ್ಟು ವರ್ಷ ನೋವು ತಿಂದುಕೊಂಡು, ಕೆಲಸ ಮಾಡೋಕಾಗದೆ ಬದುಕುತ್ತಾರೆ ಅಂತ ಎಣಿಸಿದರೆ ಪ್ರಪಂಚದಲ್ಲಿ ಮೊದಲ ಸ್ಥಾನ ಅದಕ್ಕೇ. 2020ರಲ್ಲಿ ಸುಮಾರು 62 ಕೋಟಿ ಜನಕ್ಕೆ ಇತ್ತು. ನಮ್ಮ ದೇಶದಲ್ಲಿ ಕೀಲು ಸವೆತ ಇರುವವರು 1990ರಲ್ಲಿ ಸುಮಾರು 2.3 ಕೋಟಿ, 2019ಕ್ಕೆ 6.2 ಕೋಟಿ. ಹೆಂಗಸರಲ್ಲೇ ಜಾಸ್ತಿ. ನಿಮ್ಮೂರಿಗೆ ಬರುವ ಕ್ಯಾಂಪಿನ ಹಿಂದಿರೋದು 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ. ಅದರ ಹೆಸರಲ್ಲೇ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದಯ, ಪಾರ್ಶ್ವವಾಯು ಇತ್ತು. ಕೀಲು ಇರಲಿಲ್ಲ!

ಅಡಿಕೆ ಗೊನೆ ಕೊಯ್ಯೋ ಟೈಮಲ್ಲಿ ಅಡಿಕೆ ಸುಲಿಯೋ ಯಾವುದಾದರೂ ಮನೆಗೆ ಹೋಗಿ ನೋಡಿ. ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ನೆಲದ ಮೇಲೆ ಕಾಲು ಮಡಚಿ ಕೂತರೆ ರಾತ್ರಿ ಹತ್ತಾದರೂ ಏಳೋ ಹಾಗಿಲ್ಲ, ಹಸಿ ಅಡಿಕೆ ಬೇಯಿಸೋಕೆ ಒಲೆ ಕಾಯ್ತಿರುತ್ತದೆ, ಕೂಲಿ ಬೇರೆ ಸುಲಿದಷ್ಟಕ್ಕೆ. ಆಮೇಲೆ ಏಳೋದು ಹೇಗೆ? ನೆಲಕ್ಕೆ ಕೈ ಊರಿ, ಕಂಬ ಹಿಡಿದು, ಅರ್ಧ ಎದ್ದು, ಸ್ವಲ್ಪ ತಡೆದು, ಆಮೇಲೆ ಪೂರ್ತಿ. ಎರಡು ದಿನ ಮಲಗಿದರೆ ಎರಡು ದಿನದ ಕೂಲಿ ಹೋಯ್ತು. ಅದನ್ನು ಯಾವ ರಿಜಿಸ್ಟರಲ್ಲೂ ಬರೆಯುವುದಿಲ್ಲ.

ಸದ್ಯಕ್ಕೆ ಮೆಟ್ಟುಗತ್ತಿಯನ್ನು ಬೆಂಚಿನ ಎತ್ತರಕ್ಕೆ ಏರಿಸಿ, ಸ್ಟೂಲ್ ಮೇಲೆ ಕೂತು ಸುಲಿಯಿರಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ತೊಡೆಯ ಸ್ನಾಯು ಗಟ್ಟಿಯಾಗೋ ವ್ಯಾಯಾಮವನ್ನು ಫಿಸಿಯೋಥೆರಪಿಯವರ ಹತ್ತಿರ ಕಲಿಯಿರಿ, ಮಂಡಿಗೆ ಅದಕ್ಕಿಂತ ಒಳ್ಳೆ ಔಷಧಿ ಕಡಿಮೆ. ತೂಕ ಜಾಸ್ತಿ ಇದ್ದವರು ಒಂದು ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಇಳಿಯುತ್ತದೆ.

ಪ್ರಶ್ನೆ: ಅಮ್ಮನಿಗೆ 58. ಮಂಡಿ ಊದಿದೆ. ಹಂದಿಗೋಡು ಕಾಯಿಲೆ ಇರಬಹುದು ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ.
– ಸಾಗರ

ಉತ್ತರ: ಪಕ್ಕದ ಮನೆಯವರಿಗೆ ಬೇರೆ ಕೆಲಸ ಇಲ್ಲ. ನಿಮ್ಮ ತಾಲ್ಲೂಕಿನ ಹಂದಿಗೋಡಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಕಾಯಿಲೆ ಅದು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣ ಅನ್ನೋ ಅನುಮಾನ ಮೊದಲು ಇತ್ತು. ಆಮೇಲಿನ ಅಧ್ಯಯನಗಳಲ್ಲಿ ವಂಶದಿಂದ ಬರುತ್ತದೆ ಅಂತ ಕಂಡುಬಂತು. ಕೆಲವೇ ಕುಟುಂಬಗಳಲ್ಲಿ, ಚಿಕ್ಕ ವಯಸ್ಸಲ್ಲೇ ಸೊಂಟದ ಕೀಲು, ಮಂಡಿ ಹಾಳಾಗುತ್ತದೆ. ಅಂಟುರೋಗ ಅಲ್ಲ. 58ರಲ್ಲಿ ಶುರುವಾದ ಮಂಡಿನೋವು ಸಾಮಾನ್ಯವಾಗಿ ಸವೆತವೇ. ಆದರೂ ಊತ ಇದೆ ಅಂತೀರಿ, ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ವಯಸ್ಸು 50. ಸೊಂಟನೋವಿಗೆ ಎಂಆರ್‌ಐ ಮಾಡಿಸಿದರೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ ಅಂತ ಬಂದಿದೆ. ತಿಂಗಳು ಪೂರ್ತಿ ಮಲಗಬೇಕಾ? ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ದಿನ ದೂಡುತ್ತಿದ್ದೇನೆ.
– ಶಿವಮೊಗ್ಗ

ಉತ್ತರ: ಬೇಡ. ನೋವೇ ಇಲ್ಲದ 50 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಹತ್ತರಲ್ಲಿ ಎಂಟು ಜನಕ್ಕೆ ಡಿಸ್ಕ್ ಸವೆದಿರುತ್ತದೆ. ಸುಮ್ನೆ ಮಲಗಿದರೆ ಸ್ನಾಯು ಇನ್ನೂ ಸೋಲುತ್ತದೆ, ಆದಷ್ಟು ಓಡಾಡಿ. ನೋವಿನ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ನುಂಗುತ್ತಿರೋ ಮಾತ್ರೆಯ ಸ್ಟ್ರಿಪ್ ತೆಗೆದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಒಂದು ಸಂದರ್ಭ ಮಾತ್ರ ಬೇರೆ. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದು ಮರಗಟ್ಟಿದರೆ, ಕಾಲಲ್ಲಿ ಬಲ ಇಲ್ಲದಂತಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.