ಆಯಾ ಅಲ್ಲ, ಆಯಪ್ಪ

ನಿಮ್ಮ ಪ್ರಶ್ನೆ ಓದಿ ನಗು ಬಂತು. ಮಗನಿಗೆ 9 ವರ್ಷ, ನೆಂಟರು ಯಾರೋ ‘ದಿ ಮ್ಯಾನಿ ಫೈಲ್ಸ್’ ಎಂಬ ಇಂಗ್ಲಿಷ್ ಕಾದಂಬರಿ ತಂದುಕೊಟ್ಟಿದ್ದಾರೆ, ಮಕ್ಕಳನ್ನು ನೋಡಿಕೊಳ್ಳುವ ಗಂಡಸಿನ ಕತೆಯಂತೆ, ಅವನ ಕೈಗೆ ಕೊಡಬಹುದಾ, ಕನ್ನಡದಲ್ಲಿ ಹೇಳಿದರೆ ರುಚಿಸುತ್ತಾ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಡಿ. ನಗು ಬಂದದ್ದು ಯಾಕೆಂದರೆ, ಆ ಪುಸ್ತಕ ಓದುವ ಹೊತ್ತಿಗೆ ನಾನೇ ಆ ಕೆಲಸದಲ್ಲಿದ್ದೆ.

ನಾನು ಬ್ಯಾಂಕಿನಿಂದ ನಿವೃತ್ತನಾದವನು, ಟಿ. ನರಸೀಪುರದವನು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಒಂದು ಪಾಳಿ ವ್ಯವಸ್ಥೆ ಇರುತ್ತದೆ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ 6 ತಿಂಗಳವರೆಗೆ ಇರಲು ಬಿಡುತ್ತಾರೆ. ಹಾಗಾಗಿ ಒಮ್ಮೆ ಹುಡುಗಿಯ ಅಮ್ಮ, ಇನ್ನೊಮ್ಮೆ ಹುಡುಗನ ಅಮ್ಮ, ಹೀಗೆ ಡ್ಯೂಟಿ ಬದಲಾಯಿಸಿಕೊಳ್ಳುತ್ತಾರೆ. ಆ ಸಲ ನಮ್ಮ ಪಾಳಿ. ಆದರೆ ನನ್ನ ಹೆಂಡತಿ ಬರುವ ಹಾಗಿರಲಿಲ್ಲ. ಅವಳ ಅಮ್ಮನಿಗೆ 90 ದಾಟಿತ್ತು, ಬಿಟ್ಟು ಬರೋದು ಹೇಗೆ? ಕೊನೆಗೆ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುಳಿಪುಡಿ ತುಂಬಿಸಿ ನನ್ನನ್ನೇ ಕಳಿಸಿದರು. ಮೊಮ್ಮಗಳು ಪುಟ್ಟಿಗೆ 10, ಮೊಮ್ಮಗ ಗುಂಡನಿಗೆ 6. ಬೆಳಿಗ್ಗೆ ಸ್ಕೂಲ್ ಬಸ್ ಹತ್ತಿಸುವುದು, ಮಧ್ಯಾಹ್ನ ಇಳಿಸಿಕೊಳ್ಳುವುದು, ತಿಂಡಿ ಕೊಡುವುದು, ಜಗಳ ಬಿಡಿಸುವುದು ಎಲ್ಲ ನನ್ನದೇ.

ಪುಸ್ತಕ ಪುಟ್ಟಿಗೆ ಊರಿನ ಲೈಬ್ರರಿಯಲ್ಲಿ ಸಿಕ್ಕಿತು. ಬರೆದವರು ಕ್ರಿಶ್ಚಿಯನ್ ಬರ್ಚ್, ಅಮೆರಿಕದಲ್ಲಿ 2006ರಲ್ಲಿ ಬಂದದ್ದು. ಕತೆ ಹೇಳುವವನು ಕೀಟ್ಸ್ ಡಾಲಿಂಜರ್ ಎಂಬ ಹುಡುಗ. ಹೌದು, ಕವಿ ಕೀಟ್ಸ್‌ನ ಹೆಸರೇ. ಮನೆ ತುಂಬ ಹೆಣ್ಣುಮಕ್ಕಳು: ಲೂಲು, ಇಂಡಿಯಾ ಎಂಬ ಅಕ್ಕಂದಿರು, ಬೆಲ್ಲಿ ಎಂಬ ತಂಗಿ. (ಅಮೆರಿಕದ ಹುಡುಗಿಯ ಹೆಸರು ಇಂಡಿಯಾ ಅನ್ನುವುದು ಗುಂಡನಿಗೆ ಕೊನೆವರೆಗೂ ಒಗ್ಗಲಿಲ್ಲ. ‘ಇಂಡಿಯಾ ಬಂದಳು’ ಎಂದು ನಾನು ಓದಿದಾಗಲೆಲ್ಲ ‘ಎಲ್ಲಾ ಇಂಡಿಯಾನಾ?’ ಎಂದು ಕೇಳುತ್ತಿದ್ದ.) ನೋಡಿಕೊಳ್ಳಲು ಬಂದ ನ್ಯಾನಿಗಳೂ ಅಲ್ಲಿಯವರೆಗೆ ಹೆಂಗಸರೇ. ಕೀಟ್ಸ್ ನಾಚಿಕೆಯ ಹುಡುಗ. ಆಟದ ಪಿರಿಯಡ್ಡಿನಲ್ಲಿ ಎರಡು ಟೀಮು ಆರಿಸುವಾಗ ಕೊನೆಗೆ ಉಳಿದುಬಿಡುವ ಒಬ್ಬ ಇರುತ್ತಾನಲ್ಲ, ಅವನು. ಇಂಥ ಮನೆಗೆ ಒಂದು ದಿನ ಗಂಡು ನ್ಯಾನಿ ಬರುತ್ತಾನೆ. ಆತ ಮಾಡುವುದೆಲ್ಲ ವಿಚಿತ್ರ. ನಾಟಕ, ವೇಷ, ಹಾಡು, ತಮಾಷೆ. ಕೀಟ್ಸ್‌ಗೆ ಅವನನ್ನು ಕಂಡರೆ ಪ್ರಾಣ. ದೊಡ್ಡಕ್ಕ ಲೂಲುಗೆ ಮಾತ್ರ ತಲೆ ಎತ್ತಿಕೊಂಡು ತಿರುಗಲಾರದಷ್ಟು ಮುಜುಗರ. ಅವನು ಮಾಡಿದ ಒಂದೊಂದು ಹುಚ್ಚಾಟವನ್ನೂ ಅವಳು ಬರೆದಿಡುತ್ತಾಳೆ. ಅದೇ ಆ ‘ಫೈಲ್ಸ್’. ಒಂದೇ ದೊಡ್ಡ ಕತೆ ಅನ್ನುವುದಕ್ಕಿಂತ ಪ್ರಸಂಗಗಳ ಸರಮಾಲೆ ಅನ್ನಬಹುದು. ದಿನಕ್ಕಿಷ್ಟು ಓದಿ ನಿಲ್ಲಿಸಲು ಅನುಕೂಲ.

ಕನ್ನಡದಲ್ಲಿ ಹೇಳಲು ಹೊರಟರೆ ಮೊದಲ ಎಡವಟ್ಟು ಹೆಸರಿನಲ್ಲೇ ಬರುತ್ತದೆ. ಮ್ಯಾನ್ ಮತ್ತು ನ್ಯಾನಿ ಸೇರಿ ಮ್ಯಾನಿ. ನಮ್ಮಲ್ಲಿ ಏನನ್ನುವುದು? ದಾದಿ ಅಂದರೆ ಹೆಣ್ಣು. ಗಂಡಸಾದರೆ ದಾದಾ ಅನ್ನೋಣ ಅಂದರೆ ಅದು ರೌಡಿಯಾಗಿಬಿಡುತ್ತದೆ. ಆಯಾ ಪೋರ್ಚುಗೀಸರಿಂದ ಬಂದ ಮಾತು, ಅದಕ್ಕೆ ಗಂಡು ರೂಪವನ್ನು ನಾವು ಮಾಡಿಕೊಂಡೇ ಇಲ್ಲ. ಬೇಕಾಗಲೂ ಇಲ್ಲ ಅನ್ನಿ. ಅಂಗನವಾಡಿಯನ್ನೇ ನೋಡಿ. 1975ರಲ್ಲಿ ಆ ಯೋಜನೆ ಕರ್ನಾಟಕಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ನಮ್ಮ ಟಿ. ನರಸೀಪುರದಲ್ಲೇ. ಅಲ್ಲಿನ ಹುದ್ದೆಗಳ ಹೆಸರೇ ಕಾರ್ಯಕರ್ತೆ, ಸಹಾಯಕಿ. ಗಂಡಸರಿಗೆ ಅಲ್ಲಿ ಜಾಗವೇ ಇಲ್ಲ. ಅಮೆರಿಕದಲ್ಲೂ ಜಾಸ್ತಿ ವ್ಯತ್ಯಾಸವಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಹೆಂಗಸರೇ. ಬಸ್ ಸ್ಟಾಪಿನಲ್ಲಿ ನಾನು ನಿಂತಾಗ ಸುತ್ತ ಅಮ್ಮಂದಿರು, ಅಜ್ಜಿಯರು, ಇಬ್ಬರು ನ್ಯಾನಿಗಳು. ಮೀಸೆ ಇದ್ದವನು ನಾನೊಬ್ಬನೇ.

ಹೆಸರಿನ ಸಮಸ್ಯೆ ಬಿಡಿಸಿದ್ದು ನನ್ನ ಹೆಂಡತಿ. ವಿಡಿಯೋ ಕಾಲ್‌ನಲ್ಲಿ ‘ಏನ್ರೀ, ಆಯಾ ಕೆಲಸ ಹೇಗಿದೆ?’ ಎಂದು ಕೇಳಿದವಳು ತಾನೇ ತಿದ್ದಿಕೊಂಡಳು. ‘ಆಯಾ ಏನು ಬಂತು, ಆಯಪ್ಪ ಅನ್ನಬೇಕು.’ ಮೈಸೂರು ಕಡೆ ಯಾರೋ ಒಬ್ಬ ಗಂಡಸನ್ನು ತೋರಿಸಿ ಆಯಪ್ಪ ಅನ್ನುತ್ತೇವಲ್ಲ, ಅದೇ. ಅವತ್ತಿನಿಂದ ನಮ್ಮ ಮನೆಯಲ್ಲಿ ಮ್ಯಾನಿ ಆಯಪ್ಪನಾದ. ನೀವೂ ಬಳಸಿಕೊಳ್ಳಿ, ಅವಳಿಗೆ ಸಂತೋಷವಾಗುತ್ತದೆ.

ಎರಡನೇ ಕಷ್ಟ ಇದಕ್ಕಿಂತ ದೊಡ್ಡದು. ಆಯಪ್ಪ ಕೀಟ್ಸ್‌ಗೆ ಪದೇ ಪದೇ ಹೇಳುವ ಒಂದು ಮಾತಿದೆ: ‘ಬಿ ಇಂಟರೆಸ್ಟಿಂಗ್’. ಎರಡೇ ಪದ. ಆದರೆ ಕನ್ನಡಕ್ಕೆ ತರಲು ನಾನು ವಾರ ಪರದಾಡಿದ್ದೇನೆ. ‘ಆಸಕ್ತಿಕರವಾಗಿರು’ ಅಂದರೆ ಸರ್ಕಾರಿ ಸುತ್ತೋಲೆ. ‘ಸ್ವಾರಸ್ಯವಾಗಿರು’ ಅಂದರೆ ಹುಡುಗನಿಗೆ ಅರ್ಥವಾಗಲ್ಲ. ‘ಸಪ್ಪೆಯಾಗಬೇಡ’ ಸ್ವಲ್ಪ ಹತ್ತಿರ, ಆದರೆ ಸಾರಿನ ಬಗ್ಗೆ ಮಾತಾಡಿದಂತಿದೆ. ಹುಡುಕುತ್ತಾ ಹೋದಾಗ ಒಂದು ಹೊಳೆಯಿತು. ಬೆಳಿಗ್ಗೆ ಮಗು ಸ್ಕೂಲಿಗೆ ಹೊರಟಾಗ ನಾವು ಏನು ಹೇಳುತ್ತೇವೆ? ಹುಷಾರು. ಗಲಾಟೆ ಮಾಡಬೇಡ. ಟಿಫನ್ ಖಾಲಿ ಮಾಡು. ಮಿಸ್ ಹೇಳಿದ್ದು ಕೇಳು. ಜಾಣ ಮರಿ ಥರ ಇರು. ನನ್ನ ಮಗಳಿಗೆ ನಾನು ಹತ್ತು ಹನ್ನೆರಡು ವರ್ಷ ಹೇಳಿ ಕಳಿಸಿದ್ದೆಲ್ಲ ಇಂಥದ್ದೇ. ಎಲ್ಲ ಬ್ರೇಕು, ಒಂದೂ ಆಕ್ಸಿಲರೇಟರ್ ಇಲ್ಲ. ಅದಕ್ಕೇ ಈ ಮಾತಿಗೆ ನಮ್ಮ ಬಾಯಲ್ಲಿ ಪದ ಸಿಕ್ಕದೆ ಇದ್ದದ್ದು.

ಕೊನೆಗೆ ನಾನು ಇಟ್ಟುಕೊಂಡದ್ದು ಹೀಗೆ: ‘ಏನಾದ್ರೂ ಒಂದು ಕತೆ ತಗೊಂಡು ಬಾ.’ ಅನುವಾದ ಅಂತ ನೋಡಿದರೆ ತಪ್ಪೇ ಇರಬಹುದು. ಆದರೆ ಗುಂಡನಿಗೆ ತಕ್ಷಣ ತಲುಪಿತು. ಅವನೂ ಕೀಟ್ಸ್ ಜಾತಿಯ ಹುಡುಗ. ಬಸ್ಸಿನಲ್ಲಿ ಕಿಟಕಿ ಪಕ್ಕ ಮುದುರಿ ಕೂರುವವನು. ಮಧ್ಯಾಹ್ನ ‘ಸ್ಕೂಲು ಹೇಗಿತ್ತು?’ ಅಂದರೆ ‘ಗುಡ್’. ‘ಏನು ಮಾಡಿದೆ?’ ಅಂದರೆ ‘ನಥಿಂಗ್’. ಆ ಮಾತು ಶುರು ಮಾಡಿದ ಮೇಲೆ ಒಂದು ದಿನ ಇಳಿದವನೇ, ಬಸ್ಸಿನ ಡ್ರೈವರಮ್ಮ ಒಂದು ಕಾಲಿಗೆ ಹಸಿರು, ಒಂದು ಕಾಲಿಗೆ ಕೆಂಪು ಸಾಕ್ಸ್ ಹಾಕಿದ್ದಾರೆ ಎಂದು ಕಿವಿಯಲ್ಲಿ ಹೇಳಿದ. ಇನ್ನೊಂದು ದಿನದ್ದು ಇನ್ನೂ ಚೆನ್ನಾಗಿದೆ. ಡಬ್ಬಿಯಲ್ಲಿದ್ದ ಚಿತ್ರಾನ್ನ ನೋಡಿ ಪಕ್ಕದ ಹುಡುಗ ಇದು ಯಾಕಿಷ್ಟು ಹಳದಿ ಅಂದನಂತೆ. ‘ರೋಡಿನ ಮಧ್ಯ ಗೆರೆ ಬಳಿಯುತ್ತಾರಲ್ಲ, ಆ ಪೇಂಟು’ ಅಂದನಂತೆ ನಮ್ಮವನು. ಆ ಹುಡುಗ ನಂಬಿ, ಇನ್ನೂ ನಾಲ್ಕು ಜನರನ್ನು ಕರೆದು ತೋರಿಸಿದನಂತೆ. ಸುಳ್ಳು ಹೇಳಿದ್ದಕ್ಕೆ ನಾನು ಗದರಬೇಕಿತ್ತು. ಗದರಲಿಲ್ಲ. ಆ ನಾಲ್ಕು ಜನರಲ್ಲಿ ಒಬ್ಬ ಮರುದಿನ ಅವನ ಪಕ್ಕ ಬಂದು ಕೂತ.

ಇಲ್ಲಿ ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಎಲ್ಲರೂ ಹೊಗಳುವುದು ಆಯಪ್ಪನ ಹುಚ್ಚಾಟಗಳನ್ನು. ನನಗೆ ಅದು ಮೇಲಿನ ಒಗ್ಗರಣೆ ಅನಿಸಿತು. ಆತ ಮುಜುಗರ ಅನ್ನುವುದನ್ನೇ ಲೆಕ್ಕಕ್ಕೆ ಇಡುವುದಿಲ್ಲ. ದೊಡ್ಡವನೊಬ್ಬ ನಾಚದೆ ಬದುಕುವುದನ್ನು ನಾಚಿಕೆಯ ಹುಡುಗ ದಿನಾ ಹತ್ತಿರದಿಂದ ನೋಡುತ್ತಾನೆ. ನಾನು ಬೇರೆ ಥರ ಇದ್ದರೂ ಪರವಾಗಿಲ್ಲ ಅನ್ನುವುದು ಅವನಿಗೆ ಯಾರೂ ಕೂರಿಸಿ ಹೇಳದೆಯೇ ಹತ್ತುತ್ತದೆ. ಆದರೆ ಪುಸ್ತಕದಲ್ಲಿ ನನಗೆ ಜಾಸ್ತಿ ನಿಜ ಅನಿಸಿದ್ದು ಲೂಲು. ಆ ವಯಸ್ಸಿನಲ್ಲಿ ಮನೆಯವರು ಉಸಿರಾಡಿದರೂ ಅವಮಾನವೇ. ಲೇಖಕರು ಅವಳನ್ನು ಇನ್ನೂ ಸ್ವಲ್ಪ ಮರುಕದಿಂದ ನೋಡಬಹುದಿತ್ತು. ಇನ್ನೊಂದು ತಕರಾರಿದೆ. ಆ ಆಯಪ್ಪ ದಣಿದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ನನಗಾದರೆ ಸಂಜೆ 4 ಗಂಟೆಗೆ ಸೊಂಟ ಹಿಡಿಯುತ್ತಿತ್ತು. 5ಕ್ಕೆ ಇಬ್ಬರನ್ನೂ ಟಿವಿ ಮುಂದೆ ಕೂರಿಸಿ ಕಾಫಿ ಕುಡಿಯುತ್ತಿದ್ದೆ. ಆ ವಿಷಯ ಮಗಳಿಗೆ ಗೊತ್ತಿಲ್ಲ, ಅವಳು ಇಲ್ಲಿ ಓದದಿದ್ದರೆ ಸಾಕು. ಮಕ್ಕಳ ಬಾಯಲ್ಲೂ ಕೆಲವು ಕಡೆ ವಯಸ್ಸಿಗೆ ಮೀರಿದ ಚಟಾಕಿ ಇದೆ.

ಅಂದಹಾಗೆ, ಈ ಓದಿನಿಂದ ನನಗೊಂದು ನಷ್ಟವೂ ಆಯಿತು. ಕಾಲು ಭಾಗ ಮುಗಿಯುವ ಹೊತ್ತಿಗೆ ಪುಟ್ಟಿ ಲೂಲು ಪಕ್ಷ ಸೇರಿದ್ದಳು. ಅವಳ ಮಂಚದ ಕೆಳಗೆ ಒಂದು ನೀಲಿ ನೋಟ್‌ಬುಕ್ ಸಿಕ್ಕಿತು. ಮೇಲೆ ಇಂಗ್ಲಿಷಿನಲ್ಲಿ ‘ತಾತ ಫೈಲ್ಸ್’ ಎಂದಿತ್ತು. ಓದಬಾರದಿತ್ತು, ಓದಿದೆ. ಜನವರಿ ಚಳಿಯಲ್ಲಿ ತಾತ ಬಸ್ ಸ್ಟಾಪಿಗೆ ಪಂಚೆ ಉಟ್ಟು ಬಂದರು. ಪಂಚೆ ಒಳಗೆ ಥರ್ಮಲ್, ತಲೆಗೆ ಮಂಕಿ ಕ್ಯಾಪ್, ಬ್ಯಾಂಕ್ ದರೋಡೆ ಮಾಡುವವರ ಥರ ಕಂಡರು. ನನ್ನ ಫ್ರೆಂಡ್ ಅಮ್ಮನ ಹತ್ತಿರ ಮನೆ ಬಾಡಿಗೆ ಎಷ್ಟು ಎಂದು ಕೇಳಿದರು. ಬಸ್ ತಿರುವು ದಾಟಿ ಕಣ್ಮರೆಯಾದ ಮೇಲೂ ಕೈ ಬೀಸುತ್ತಲೇ ಇದ್ದರು, ಹಿಂದಿನ ಸೀಟಿನವರೆಲ್ಲ ನೋಡಿದರು. ಲೈಬ್ರರಿಯಲ್ಲಿ ಫೋನು ಸುಪ್ರಭಾತ ಹಾಡಿತು, ಆಫ್ ಮಾಡಲು ಅವರಿಗೆ ಬರಲಿಲ್ಲ. ಹೀಗೆ ಹನ್ನೊಂದು ದೂರು, ಎಲ್ಲಕ್ಕೂ ತಾರೀಖು ಹಾಕಿದ್ದಳು. ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ದೂರಿನ ಅರ್ಜಿ ನೋಡಿದವನು ನಾನು. ಇಷ್ಟು ಶುದ್ಧವಾದ ಫೈಲು ಕಂಡಿರಲಿಲ್ಲ. ಸುಳ್ಳು ಒಂದೂ ಇರಲಿಲ್ಲ ಅನ್ನುವುದೇ ಬೇಜಾರು.

ಮರುದಿನದಿಂದ ಪ್ಯಾಂಟು ಹಾಕಿಕೊಂಡು ಹೋದೆ. ಎರಡು ದಿನ ಆದ ಮೇಲೆ ಪುಟ್ಟಿಯೇ ಪಕ್ಕಕ್ಕೆ ಕರೆದು ‘ಪಂಚೆ ಒಗೆಯೋಕೆ ಹಾಕಿದ್ದೀಯಾ ತಾತ?’ ಎಂದು ಕೇಳಿದಳು. ಇಲ್ಲ ಎಂದೆ. ‘ಮತ್ತೆ?’ ಎಂದಳು. ಅಷ್ಟೇ ಮಾತು. ನೋಟ್‌ಬುಕ್ ನೋಡಿದ ವಿಷಯ ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ನಾಲ್ಕನೇ ದಿನ ಮತ್ತೆ ಪಂಚೆ.

ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ‘ಅವನ ಕೈಗೆ ಕೊಡಬಹುದಾ’ ಅನ್ನುವುದರ ಹಿಂದೆ ಇನ್ನೊಂದು ಪ್ರಶ್ನೆ ಇರಬಹುದು ಅನಿಸಿತು. ಅದಕ್ಕೂ ಹೇಳುತ್ತೇನೆ. ಕತೆಯಲ್ಲಿ ಅಂಕಲ್ ಮ್ಯಾಕ್ಸ್ ಎಂಬ ಒಬ್ಬರು ಬರುತ್ತಾರೆ, ಆಯಪ್ಪನಿಗೂ ಅವರಿಗೂ ಪ್ರೀತಿ ಬೆಳೆಯುತ್ತದೆ. ಅದನ್ನು ಲೇಖಕರು ದೊಡ್ಡ ಗುಟ್ಟೂ ಮಾಡಿಲ್ಲ, ಪಾಠವೂ ಮಾಡಿಲ್ಲ. ಆ ಭಾಗ ಹತ್ತಿರ ಬಂದಾಗ ಹೇಗೆ ಹೇಳೋದು ಎಂದು ನಾನು ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಪುಟ್ಟಿ ಪುಸ್ತಕದಿಂದ ತಲೆ ಎತ್ತದೆ, ‘ತಾತ, ಅವರಿಬ್ಬರಿಗೂ ಇಷ್ಟ ಅಂತ ಆಗಲೇ ಗೊತ್ತಾಗಲಿಲ್ವಾ ನಿಂಗೆ?’ ಅಂದಳು. ಗುಂಡ ಮಾತ್ರ ‘ಹಾಗಾದ್ರೆ ಆಯಪ್ಪ ಇನ್ನು ಮನೆ ಬಿಟ್ಟು ಹೋಗಲ್ಲ ಅಲ್ವಾ?’ ಎಂದು ಕೇಳಿದ. ಅವನ ಚಿಂತೆ ಅದೊಂದೇ. ನಾನು ವಾಪಸ್ ಹೊರಡಲು ಆಗ ಮೂರು ವಾರ ಉಳಿದಿತ್ತು.

ಓದಿ ಹೇಳುವಾಗ ಒಂದೆರಡು ಅನುಭವದ ಮಾತು. ಅಮೆರಿಕದ ಟಿವಿ, ಫ್ಯಾಷನ್, ಸಿನಿಮಾ ಮಂದಿಯ ಪ್ರಸ್ತಾಪ ಅಲ್ಲಲ್ಲಿ ಬರುತ್ತದೆ. ನನಗೆ ಅರ್ಧಕ್ಕರ್ಧ ಗೊತ್ತಾಗಲಿಲ್ಲ. ಅವರ ಜಾಗಕ್ಕೆ ನಮ್ಮ ಸಿನಿಮಾ ನಟರನ್ನು ತಂದು ಕೂರಿಸಿ ನೋಡಿದೆ, ಕೆಟ್ಟದಾಗಿ ಕಾಣಿಸಿತು. ಸುಮ್ನೆ ದಾಟಿಕೊಂಡು ಹೋಗಿ, ಕತೆಗೆ ಏನೂ ಕಡಿಮೆಯಾಗಲ್ಲ. ಎಲ್ಲವನ್ನೂ ಕನ್ನಡ ಮಾಡಲೂ ಹೋಗಬೇಡಿ. ಪ್ರಸಂಗವನ್ನು ಕನ್ನಡದಲ್ಲಿ ಹೇಳಿ, ಮಕ್ಕಳ ಜಗಳದ ಮಾತುಗಳನ್ನು ಇಂಗ್ಲಿಷಿನಲ್ಲೇ ಓದಿದರೆ ಎರಡೂ ಕಡೆಯ ರುಚಿ ಸಿಗುತ್ತದೆ. ಆಯಪ್ಪನಿಗೆ ಸ್ವಲ್ಪ ನಾಟಕದ ದನಿ ಕೊಡಿ, ನಾಚಿಕೆ ಪಡಬೇಡಿ. 8ರಿಂದ 12 ವರ್ಷದವರಿಗೆ ಸರಿಹೋಗುತ್ತದೆ, ನಿಮ್ಮ ಮಗನಿಗೆ ತಕ್ಕ ವಯಸ್ಸು. ಇಷ್ಟವಾದರೆ 2008ರಲ್ಲಿ ಬಂದ ಎರಡನೇ ಭಾಗವೂ ಇದೆ, ‘ಹಿಟ್ ದ ರೋಡ್, ಮ್ಯಾನಿ’. ಅದರಲ್ಲಿ ಇಡೀ ಸಂಸಾರ ಪ್ರವಾಸ ಹೊರಡುತ್ತದೆ. ಮೊದಲನೆಯದೇ ಚೆನ್ನ.

ಈಗ ನಾನು ಊರಿಗೆ ಬಂದು ಎಂಟು ತಿಂಗಳಾಯಿತು. ಅಲ್ಲಿ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಇಲ್ಲಿ ಸಂಜೆ. ಗುಂಡ ಕೆಲವೊಮ್ಮೆ ಶೂ ಹಾಕಿಕೊಳ್ಳುತ್ತಲೇ ಫೋನ್ ಮಾಡಿ, ನಾನು ಹಲೋ ಅನ್ನುವ ಮೊದಲೇ ‘ತಾತ, ಇವತ್ತು ಯಾವ ಕತೆ ತರಲಿ?’ ಅನ್ನುತ್ತಾನೆ. ಪಾಳಿಯಲ್ಲಿ ಈಗ ಅವನ ಇನ್ನೊಬ್ಬ ಅಜ್ಜಿ ಇದ್ದಾರೆ. ನೀಲಿ ನೋಟ್‌ಬುಕ್‌ನಲ್ಲಿ ಅವರಿಗೂ ಪುಟ ತೆರೆದಿದೆ ಎಂದು ಸುದ್ದಿ.

ನಿಮ್ಮ ಹುಡುಗನಿಗೆ ಅಕ್ಕ ಇದ್ದಾಳಾ? ಇದ್ದರೆ, ಓದು ನಡೆಯುವಾಗ ಅವಳು ಹೊಸ ನೋಟ್‌ಬುಕ್ ಬೇಕು ಅಂದರೆ, ಯಾವ ಸಬ್ಜೆಕ್ಟಿಗೆ ಎಂದು ಕೇಳಿಯೇ ಕೊಡಿಸಿ.