ತಾನಾಗಿ ಫೈರ್ ಆಗುವ ಥೈರಟ್ರಾನ್‌ಗೆ ವೋಲ್ಟೇಜ್ ಏರಿಸಬೇಡಿ

ಪ್ರಶ್ನೆ: ನಮ್ಮ ರೇಡಿಯೊಥೆರಪಿ ಲೈನಾಕ್‌ನ (ಕ್ಯಾನ್ಸರ್‌ಗೆ ವಿಕಿರಣ ಕೊಡುವ ಯಂತ್ರ) ಥೈರಟ್ರಾನ್, ಅಂದರೆ ಹೈ ವೋಲ್ಟೇಜ್ ಪಲ್ಸ್ ಹರಿಸುವ ಗ್ಯಾಸ್ ತುಂಬಿದ ಸ್ವಿಚ್ ಟ್ಯೂಬ್, ಟ್ರಿಗರ್ ಬರುವ ಮೊದಲೇ ಫೈರ್ ಆಗಿಬಿಡುತ್ತಿದೆ. 'ಟ್ಯೂಬ್ ಹಳೆಯದು, ಗ್ಯಾಸ್ ಕಡಿಮೆಯಾಗಿದೆ, ರಿಸರ್ವಾಯರ್ (ಕಾಯಿಸಿದರೆ ಟ್ಯೂಬಿನೊಳಗೆ ಗ್ಯಾಸ್ ಬಿಡುವ ಭಾಗ) ವೋಲ್ಟೇಜ್ ಏರಿಸಿ' ಎನ್ನುತ್ತಾರೆ. ಎಷ್ಟು ಏರಿಸಲಿ?

ಏರಿಸಲೇಬೇಡಿ. ಇಂಥ ಪತ್ರಗಳನ್ನು ಎಣಿಸುವುದನ್ನೇ ಬಿಟ್ಟಿದ್ದೇನೆ. ಗ್ಯಾಸ್ ಕಡಿಮೆಯಾದ ಟ್ಯೂಬ್ ಫೈರ್ ಆಗಲು ಒದ್ದಾಡುತ್ತದೆ. ಹೇಳದೆ ಕೇಳದೆ ಫೈರ್ ಆಗುವುದು ಗ್ಯಾಸ್ ಹೆಚ್ಚಾದ ಟ್ಯೂಬ್. ಒಳಗಿನ ಹೈಡ್ರೋಜನ್ ಒತ್ತಡ ಅರ್ಧ ಟಾರ್ ಆಸುಪಾಸು, ಆನೋಡ್‌ಗೂ ಟ್ರಿಗರ್ ಪಡೆಯುವ ಗ್ರಿಡ್‌ಗೂ ನಡುವಿನ ಸಂದು ಕೆಲವೇ ಮಿಲಿಮೀಟರ್. ಅಷ್ಟು ದೂರದಲ್ಲಿ ಎಲೆಕ್ಟ್ರಾನ್‌ಗೆ ಡಿಕ್ಕಿ ಹೊಡೆಯಲು ಸಾಕಷ್ಟು ಅಣುಗಳೇ ಸಿಗುವುದಿಲ್ಲ. ಟ್ಯೂಬ್ ಹತ್ತಾರು ಸಾವಿರ ವೋಲ್ಟ್ ತಡೆದು ನಿಲ್ಲುವುದು ಅದರಿಂದಲೇ. ಪಾಶೆನ್ ರೇಖೆಯ (ಒತ್ತಡ ಮತ್ತು ಸಂದಿಗೆ ತಕ್ಕಂತೆ ಗ್ಯಾಸ್ ಎಷ್ಟು ವೋಲ್ಟಿಗೆ ಹೊತ್ತಿಕೊಳ್ಳುತ್ತದೆ ಎಂದು ತೋರಿಸುವ ಗ್ರಾಫ್) ಎಡಮಗ್ಗುಲು ಎನ್ನುವುದು ಇದನ್ನೇ. ರಿಸರ್ವಾಯರ್‌ನ ಟೈಟಾನಿಯಂ ಹೈಡ್ರೈಡನ್ನು ಇನ್ನಷ್ಟು ಕಾಯಿಸಿದರೆ ಇನ್ನಷ್ಟು ಗ್ಯಾಸ್ ಹೊರಬಂದು, ಇದ್ದ ತಡೆಯೂ ಹೋಗುತ್ತದೆ.

ವರ್ಷ ಕಳೆದಂತೆ ಗ್ಯಾಸ್ ಸವೆಯುವುದು ನಿಜ. ಅದರ ಲಕ್ಷಣವೇ ಬೇರೆ: ಟ್ರಿಗರ್ ಆದ ಮೇಲೆ ವಿಳಂಬ ಬೆಳೆಯುತ್ತದೆ, ಜಿಟರ್ (ಪಲ್ಸಿನಿಂದ ಪಲ್ಸಿಗೆ ಆ ವಿಳಂಬದ ಏರುಪೇರು) ಹೆಚ್ಚುತ್ತದೆ, ಆನೋಡ್ ಕೆಂಪಗೆ ಕಾಯುತ್ತದೆ. ಇವು ಕಂಡರೆ ಮಾತ್ರ ಏರಿಸಿ, ಅದೂ ಒಮ್ಮೆಗೆ 0.1 ವೋಲ್ಟ್. ಏರಿಸಿದ ತಕ್ಷಣ ಆಸಿಲೋಸ್ಕೋಪ್ ನೋಡಬೇಡಿ. ಒತ್ತಡ ನಿಲುಗಡೆಗೆ ಬರಲು ನಿಮಿಷಗಳೇ ಬೇಕು. ಹತ್ತು ನಿಮಿಷ ಚಹಾ ಕುಡಿದು ಬನ್ನಿ.

ನಿಮ್ಮ ಕೇಸಿನಲ್ಲಿ ಮೊದಲು ಗ್ರಿಡ್ ಬಯಾಸ್ (ಟ್ರಿಗರ್ ಬರುವತನಕ ಟ್ಯೂಬನ್ನು ತಡೆಹಿಡಿಯುವ ನೆಗೆಟಿವ್ ವೋಲ್ಟೇಜ್) ಬರುತ್ತಿದೆಯೇ ನೋಡಿ, ಆಮೇಲೆ ರಿಸರ್ವಾಯರ್ ವೋಲ್ಟೇಜನ್ನು ಟ್ಯೂಬಿನ ಸಾಕೆಟ್‌ನಲ್ಲೇ ಅಳೆಯಿರಿ. ಪ್ಯಾನೆಲ್ ಮೀಟರನ್ನು ನಾನು ನಂಬುವುದಿಲ್ಲ. (ಹೈ ವೋಲ್ಟೇಜ್ ಆಫ್ ಮಾಡಿ ಕೆಪಾಸಿಟರ್‌ಗಳನ್ನು ಅರ್ತ್ ಮಾಡುವುದನ್ನು ನಾನು ಹೇಳಿಕೊಡಬೇಕಾದರೆ ನೀವು ಆ ಕ್ಯಾಬಿನೆಟ್ ಮುಟ್ಟಲೇಬಾರದು.) ಒಂದು ಆಸ್ಪತ್ರೆಯಲ್ಲಿ ಈ ಕಾಟ ಬೆಳಗ್ಗೆ ಮಾತ್ರ. ಊರಿನ ಲೋಡ್ ಇಲ್ಲದ ಹೊತ್ತಿಗೆ ಲೈನ್ ವೋಲ್ಟೇಜ್ 250 ಮುಟ್ಟುತ್ತಿತ್ತು. ಟ್ಯೂಬಿನ ಲೇಬಲ್ 6.3 ಎನ್ನುತ್ತಿದ್ದರೆ ಸಾಕೆಟ್‌ನಲ್ಲಿ 6.8. ನಾನು ಹೋಗುವಷ್ಟರಲ್ಲಿ ಎರಡು ಟ್ಯೂಬ್ ಬದಲಿಸಿಯಾಗಿತ್ತು. ಬೇಕಾಗಿದ್ದದ್ದು ಒಂದು ಸ್ಟೆಬಿಲೈಜರ್.

ಪ್ರಶ್ನೆ: ಹಳೆಯ ಟ್ಯೂಬಿಗೆ ಗ್ಯಾಸ್ ರೀಫಿಲ್ ಮಾಡಿಕೊಡುತ್ತೇವೆ ಎಂದು ಒಬ್ಬರು ಬಂದಿದ್ದಾರೆ.

ಅದೇನು ಫ್ರಿಜ್ಜೇ? ಕಳಿಸಿಬಿಡಿ.

ಪ್ರಶ್ನೆ: ಹೀಟರ್ ಕಾಯುವ ಟೈಮರ್ ಬೈಪಾಸ್ ಮಾಡಬಹುದೇ? ರೋಗಿಗಳು ಕಾಯುತ್ತಿರುತ್ತಾರೆ.

ಮಾಡಿ ನೋಡಿ. ಕಾಯದ ಕ್ಯಾಥೋಡ್‌ನ ಆಕ್ಸೈಡ್ ಲೇಪನ ಕಿತ್ತುಹೋದರೆ ಹೊಸ ಟ್ಯೂಬ್ ಬರುವತನಕ ಅದೇ ರೋಗಿಗಳು ಕಾಯಬೇಕು.

ಪ್ರಶ್ನೆ: ಗ್ರಿಡ್‌ಗೆ ನೆಗೆಟಿವ್ ಕೊಟ್ಟು ಪಲ್ಸನ್ನು ನಡುವೆ ನಿಲ್ಲಿಸಬಹುದೇ?

ಇಲ್ಲ. ಹೊತ್ತಿಕೊಂಡ ಮೇಲೆ ಅದು ಗ್ರಿಡ್ ಮಾತು ಕೇಳುವುದಿಲ್ಲ. ಆನೋಡ್ ಕರೆಂಟ್ ತಾನಾಗಿ ಸೊನ್ನೆಗೆ ಇಳಿಯಬೇಕು.

ಪ್ರಶ್ನೆ: ಒಳಗಿನ ನೇರಳೆ ಬೆಳಕನ್ನು ವಿಡಿಯೊ ಮಾಡಲು ಮುಚ್ಚಳ ತೆಗೆದು ಓಡಿಸಬಹುದೇ?

ಬೇಡ. ಅಷ್ಟು ಕಿಲೋವೋಲ್ಟಿನಲ್ಲಿ ಟ್ಯೂಬಿನಿಂದ ಎಕ್ಸ್-ರೇ ಕೂಡ ಹೊರಬೀಳುತ್ತದೆ. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ತೆಗೆದು ಓಡಿಸಿಲ್ಲ.