ಆ ಹಾಡು ಮೊದಲು ಯಾರದ್ದು?

ಪ್ರಶ್ನೆ: ಮನೆಯ ಅಟ್ಟದಲ್ಲಿ, ಮಳೆಗಾಲದ ಬೂಷ್ಟು ಹಿಡಿದ ಒಂದು ಕ್ಯಾಸೆಟ್ ಸಿಕ್ಕಿತು. ಅದರಲ್ಲಿ ‘ವಿದೌಟ್ ಯು’ ಹಾಡಿನ ಮುಂದೆ ಬ್ರಿಟನ್ನಿನ ಬ್ಯಾಡ್‌ಫಿಂಗರ್ ತಂಡದ ಹೆಸರಿದೆ. ಅದು ಅಮೆರಿಕದ ಗಾಯಕ ಹ್ಯಾರಿ ನಿಲ್ಸನ್ ಅವರದ್ದಲ್ಲವೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಅಲ್ಲ, ಹಾಡು ಬ್ಯಾಡ್‌ಫಿಂಗರ್ ತಂಡದ್ದೇ. ತಂಡದ ಸದಸ್ಯರಾದ ಪೀಟ್ ಹ್ಯಾಮ್ ಅವರಲ್ಲಿ ಚರಣವೂ ಟಾಮ್ ಇವಾನ್ಸ್ ಅವರಲ್ಲಿ ಪಲ್ಲವಿಯೂ ಬೇರೆ ಬೇರೆಯಾಗಿ ಉಳಿದಿದ್ದವು. ಎರಡನ್ನೂ ಜೋಡಿಸಿ 1970ರ ‘ನೋ ಡೈಸ್’ ಆಲ್ಬಮ್‌ಗೆ ಸೇರಿಸಿದರಾದರೂ, ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅದನ್ನು ಬಿಡಿ ಹಾಡಾಗಿ ಹೊರತರಲಿಲ್ಲವಾದ್ದರಿಂದ ಹೆಚ್ಚಿನವರ ಕಿವಿಗೆ ಬೀಳಲಿಲ್ಲ. 1971ರಲ್ಲಿ ನಿಲ್ಸನ್ ಅದನ್ನೇ ಪಿಯಾನೊದೊಂದಿಗೆ ಮೆಲ್ಲಗೆ ಆರಂಭಿಸಿ, ಪಲ್ಲವಿಯಲ್ಲಿ ದನಿಯನ್ನು ತಾರಸ್ಥಾಯಿಗೆ ಏರಿಸಿದರು. 1972ರಲ್ಲಿ ಅದು ಎರಡೂ ದೇಶಗಳ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೂಲ ತಂಡದವರು ಅದೇ ಪಲ್ಲವಿಯನ್ನು ತುಸು ತಗ್ಗಿಸಿಯೇ ಹಾಡುತ್ತಾರೆ. ನಿಲ್ಸನ್ ಅಭಿಮಾನಿಗಳು ಮುನಿಸಿಕೊಂಡರೂ ಸರಿ, ನನಗೆ ಆ ಸಂಕೋಚವೇ ಹೆಚ್ಚು ಹಿಡಿಸುತ್ತದೆ.

‘ಐ ಲವ್ ರಾಕ್ ಆಂಡ್ ರೋಲ್’ ಕಥೆಯೂ ಇಂಥದ್ದೇ: 1975ರಲ್ಲಿ ಆರೋಸ್ ತಂಡ ಹಾಡಿದ್ದನ್ನು ಗಾಯಕಿ ಜೋನ್ ಜೆಟ್ ಮತ್ತೆ ಹಾಡಿದಾಗ, 1982ರಲ್ಲಿ ಅದು ಅಮೆರಿಕದಲ್ಲಿ 7 ವಾರ ಮೊದಲ ಸ್ಥಾನದಲ್ಲಿತ್ತು.

ಅಂದ ಹಾಗೆ, ಬೂಷ್ಟು ತೆಗೆಯದೆ ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕಬೇಡಿ. ಟೇಪನ್ನು ಓದುವ ಹೆಡ್ಡಿಗೆ ಕೊಳೆ ಅಂಟುತ್ತದೆ.